ಎಲ್ಲಮ್ಮನ ಗುಡ್ಡದ ಕೆಳಗ ಏನೈತಿ?

ನಮ್ಮ ಕಡೆಯ ಊರುಗಳನ್ನು ಜನ ತಿನಿಸಿನಿಂದ ನೆನಪಿಟ್ಟುಕೊಳ್ಳುತ್ತಾರೆ. ಧಾರವಾಡ ಅಂದರೆ ಪೇಡೆ, ಬೆಳಗಾವಿ ಅಂದರೆ ಕುಂದಾ, ಗೋಕಾಕ ಅಂದರೆ ಕರದಂಟು. ಸವದತ್ತಿಗೆ ಆ ಹಂಗಿಲ್ಲ, ಎಲ್ಲಮ್ಮ ಇದ್ದಾಳೆ. ಆದರೆ ಭೂವಿಜ್ಞಾನಿಗಳ ಪುಸ್ತಕ ತೆರೆದು ನೋಡಿ, ಅಲ್ಲಿ ಸವದತ್ತಿ ಅಂದರೆ ಒಂದು ಕಲ್ಲು. ಮುನವಳ್ಳಿ ಅಂದರೆ ಅದಕ್ಕೂ ಮೇಲಿನ ಒಂದು ಜೇಡುಶಿಲೆ. ರಾಮದುರ್ಗ, ಯರಗಟ್ಟಿ, ಲೋಕಾಪುರ ಎಂದು ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಕೂಗುವ ಹೆಸರುಗಳೆಲ್ಲ ಅಲ್ಲಿ ಪದರಪದರವಾಗಿ ಮಲಗಿವೆ. ಎಲ್ಲಕ್ಕೂ ಸೇರಿ ಕಲಾದಗಿ ಎಂದು ಹೆಸರು. ಕಲಾದಗಿ ಒಂದು ಕಾಲಕ್ಕೆ ಜಿಲ್ಲಾ ಕೇಂದ್ರ. ಕಚೇರಿಗಳು ವಿಜಯಪುರಕ್ಕೆ ಹೋದ ಮೇಲೆ ಅದಕ್ಕೆ ಉಳಿದದ್ದು ದಾಳಿಂಬೆ, ಚಿಕ್ಕು ಮತ್ತು ಈ ಕಲ್ಲಿನ ಕೀರ್ತಿ. ಕಲ್ಲಿನ ಕೀರ್ತಿಯನ್ನು ಯಾರೂ ವರ್ಗ ಮಾಡಿ ಒಯ್ಯಲಾರರು.

ಈ ನಾಮಕರಣಕ್ಕೆ ಮೊದಲು ಕೂತವನು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿ. ನಮ್ಮ ಸೀಮೆಯ ಮೇಲೆ ಅವನು ಬರೆದ ದೊಡ್ಡ ವರದಿ 1876ರಲ್ಲಿ ಅಚ್ಚಾಯಿತು. ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ 1863ರಲ್ಲಿ ಶಿಲಾಯುಗದ ಕೈಗೊಡಲಿ ಎತ್ತಿಕೊಂಡವನೂ ಇವನೇ. ಗೋಕಾಕದ ಹತ್ತಿರದ ಒಂದು ಹಳ್ಳಿಯಲ್ಲಿ ಅವನಿಗೆ ಖಡ್ಗಮೃಗದ ಎಲುಬು ಸಿಕ್ಕಿದ್ದವು. ಆ ಜಾತಿಗೆ 1874ರಲ್ಲಿ ದಖ್ಖನದ ಹೆಸರನ್ನೇ ಇಟ್ಟ. ಗೋಕಾಕದಲ್ಲಿ ಖಡ್ಗಮೃಗ! ಈಗ ಅಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಾಡುತ್ತವೆ. ಹಾದಿ ಬಿಡದ ಗುಣ ಎರಡಕ್ಕೂ ಒಂದೇ.

ಫೂಟ್ ಮಾಡಿದ್ದೆಲ್ಲ ಕಣ್ಣಿನ ಕೆಲಸ. ಕಲ್ಲು ಎಲ್ಲಿ ಮೇಲೆ ಕಾಣುತ್ತದೆ, ಯಾವ ಕಡೆಗೆ ವಾಲಿದೆ, ಯಾವುದರ ಮೇಲೆ ಯಾವುದು ಕೂತಿದೆ ಎಂದು ನೋಡಿ ನಕ್ಷೆ ಬರೆದ. ಉಗರಗೋಳದ ಮೇಲಿನ ಎಲ್ಲಮ್ಮನ ಗುಡ್ಡ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಜೋಗುಳಬಾವಿಯಲ್ಲಿ ಮಿಂದು ಗುಡ್ಡ ಹತ್ತುವವರ ಕಾಲಡಿಯಲ್ಲಿ ಇರುವುದು ಬರೇ ಉಸುಕು. ಸಿಲಿಕಾ ಬೆರೆತು ಗಟ್ಟಿಯಾಗಿ, ಸುತ್ತಿಗೆಗೆ ಕಿಡಿ ಹಾರಿಸುವ ಕ್ವಾರ್ಟ್ಜೈಟ್ ಆಗಿದೆ. 100 ಕೋಟಿ ವರ್ಷಕ್ಕೂ ಹಿಂದೆ ಇಲ್ಲೊಂದು ಆಳವಿಲ್ಲದ ಕಡಲಿತ್ತು. ದಂಡೆಯ ಮೇಲೆ ಒಂದು ಹುಲ್ಲುಕಡ್ಡಿ ಇರಲಿಲ್ಲ, ನೀರಿನಲ್ಲಿ ಒಂದು ಮೀನಿರಲಿಲ್ಲ. ಅಲೆಗಳು ಉಸುಕಿನ ಮೇಲೆ ಎಳೆದ ಗೆರೆಗಳು ಮಾತ್ರ ಕೆಲವು ಹಾಸುಗಲ್ಲುಗಳ ಮೇಲೆ ಇನ್ನೂ ಇವೆ. ಪರಶುರಾಮ, ಜಮದಗ್ನಿ, ರೇಣುಕೆಯರ ಕಥೆ ಅಲ್ಲಿನ ಪೂಜಾರಿಗಳು ಚೆನ್ನಾಗಿ ಹೇಳುತ್ತಾರೆ. ಅದರಾಚೆಯ ಈ ಕಡಲಿನ ಕಥೆ ಹೇಳುವವರಿಲ್ಲ, ಕಾಣಿಕೆ ಹುಂಡಿಯೂ ಇಲ್ಲ.

ಗುಡ್ಡದ ಮೇಲೆ ನಿಂತು ತೆಂಕಣಕ್ಕೆ ನೋಡಿದರೆ ಅದು ಈ ಹಳೆಯ ಕಡಲತಳದ ಅಂಚು. ಅದರಾಚೆ ಇನ್ನೂ ಹಳೆಯ ಗ್ರಾನೈಟ್ ಮತ್ತು ಧಾರವಾಡ ಶಿಲೆಗಳು. ಬಡಗಣಕ್ಕೆ ತಿರುಗಿದರೆ ಪದರಗಳು ನಿಧಾನಕ್ಕೆ ನೆಲದೊಳಗೆ ಇಳಿಯುತ್ತ ಹೋಗುತ್ತವೆ. ನವಿಲುತೀರ್ಥದಲ್ಲಿ ಮಲಪ್ರಭೆ ಇದೇ ಗುಡ್ಡಸಾಲನ್ನು ಸೀಳಿಕೊಂಡು ಹೋಗಿದ್ದಾಳೆ. ನದಿ ಕೊರೆದಿಟ್ಟ ಆ ಇಕ್ಕಟ್ಟಿನ ಬಾಗಿಲನ್ನೇ ಎಂಜಿನಿಯರುಗಳು ಅಣೆಕಟ್ಟಿಗೆ ಆರಿಸಿಕೊಂಡರು. ಹೀಗೆ ಅಂಚಿನಲ್ಲಿ ನೆಲ ತನ್ನ ಒಳಗನ್ನು ತಾನೇ ತೋರಿಸುತ್ತದೆ, ದುಡ್ಡು ಕೇಳುವುದಿಲ್ಲ. ತಕರಾರು ಇರುವುದು ಮುಂದೆ. ಬಡಗಣಕ್ಕೂ ಪಡುವಣಕ್ಕೂ ಹೋದಂತೆ ಕಲಾದಗಿಯ ಕಲ್ಲು ಮಾಯವಾಗಿ ಎರಿ ಹೊಲಗಳು ಶುರುವಾಗುತ್ತವೆ, ಎರಿಯ ಅಡಿಗೆ ಕರಿಯ ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಎಲ್ಲದರ ಮೇಲೂ ಹೊದಿಕೆ ಎಳೆದುಬಿಟ್ಟಿದೆ. ಆ ಹೊದಿಕೆಯ ಕೆಳಗೆ ಕಲಾದಗಿಯ ಪದರ ಎಲ್ಲಿಯವರೆಗೆ ಹೋಗಿದೆ, ಎಷ್ಟು ದಪ್ಪ ಇದೆ, ಎಲ್ಲಿ ಮಡಿಚಿದೆ, ಎಲ್ಲಿ ಮುರಿದಿದೆ?

ಫೂಟ್‌ನ ಕಣ್ಣಿಗೆ ಇಲ್ಲಿ ಕೆಲಸವಿಲ್ಲ. ಇಲ್ಲಿ ಬೇಕಾದದ್ದು ಕಿವಿ.

ಭೂಕಂಪನ ಪ್ರತಿಫಲನ ಸಮೀಕ್ಷೆ ಎಂಬುದು ಹೆಸರಿಗೆ ಭಾರಿ, ಆದರೆ ಮಾಡುವ ಕೆಲಸ ಇಷ್ಟೇ. ನೆಲವನ್ನು ಒಂದು ಕಡೆ ಅಲುಗಿಸುವುದು. ಆ ಅಲುಗು ಕೆಳಗಿಳಿದು, ಒಂದು ಜಾತಿಯ ಕಲ್ಲು ಮುಗಿದು ಇನ್ನೊಂದು ಶುರುವಾಗುವಲ್ಲಿ ಸ್ವಲ್ಪ ಭಾಗ ವಾಪಸಾಗುತ್ತದೆ. ಅದು ಮೇಲೆ ಬಂದು ತಲುಪುವ ಹೊತ್ತನ್ನು ಬರೆದುಕೊಳ್ಳುವುದು. ಅಲುಗಿಸಲು ಕುಣಿಯಲ್ಲಿ ಮದ್ದು ಸಿಡಿಸುತ್ತಾರೆ, ಇಲ್ಲವೇ ಹೊಟ್ಟೆಯಡಿ ದಪ್ಪ ಕಬ್ಬಿಣದ ಹಲಗೆಯಿರುವ ಲಾರಿ ತಂದು, ಹಲಗೆಯನ್ನು ನೆಲಕ್ಕೆ ಒತ್ತಿ ನಡುಗಿಸುತ್ತಾರೆ. ಕೇಳಲು ಜಿಯೋಫೋನ್. ಮುಷ್ಟಿಗಾತ್ರದ ಡಬ್ಬಿ, ಅಡಿಗೆ ಒಂದು ಮೊಳೆ, ಒಳಗೆ ಅಯಸ್ಕಾಂತ ಮತ್ತು ತಂತಿಯ ಸುರುಳಿ. ನೆಲ ಕೂದಲೆಳೆಯಷ್ಟು ಅಲುಗಿದರೂ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಇಂಥವನ್ನು ಕಿಲೊಮೀಟರ್‌ಗಟ್ಟಲೆ ಸಾಲಾಗಿ ನೆಡುತ್ತಾರೆ.

ಗುಡ್ಡದ ಬುಡದ ಚಹಾದಂಗಡಿಯ ಕಾಕಾನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಬಶಿಗೆ ಚಹಾ ಸುರಿದು ಕೊಡುತ್ತ, “ಗ್ವಾಡಿಗೆ ಕಿವಿ ಇರತಾವ ಅನ್ನೂದು ಕೇಳೀನ್ರಿ ಸರ. ನೆಲಕ್ಕ ಬಾಯಿ ಇರತೈತಿ ಅನ್ನೂದು ಈಗ ಕೇಳಾಕತ್ತೇನಿ” ಅಂದರು.

“ಬಾಯಿ ಐತಿ ಕಾಕಾ, ಆದ್ರ ದನಿ ಸಣ್ಣದು.”

“ಎಷ್ಟ್ ಸಣ್ಣದು?”

ಒಳ್ಳೆಯ ಪ್ರಶ್ನೆ. ವಾಪಸಾಗುವ ಅಲೆಯ ಬಲ ಎರಡು ಕಲ್ಲುಗಳ ವ್ಯತ್ಯಾಸದ ಮೇಲೆ ನಿಂತಿದೆ. ಕಲ್ಲಿನ ಸಾಂದ್ರತೆಯನ್ನು ಅದರಲ್ಲಿ ಅಲೆ ಓಡುವ ವೇಗದಿಂದ ಗುಣಿಸಿ, ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ಅಂತರವನ್ನು ಎರಡರ ಮೊತ್ತದಿಂದ ಭಾಗಿಸಬೇಕು. ಗುಜರಾತಿನಂಥ ಕಡೆ, ಮೆತ್ತನೆಯ ಹೊಸ ಪದರಗಳಿರುವಲ್ಲಿ, ಈ ಅಂತರ ಧಾರಾಳವಾಗಿರುತ್ತದೆ. ನಮ್ಮಲ್ಲಿ ಎಲ್ಲವೂ ಹಳೆಯದು, ಎಲ್ಲವೂ ಗಟ್ಟಿ. ಸವದತ್ತಿಯ ಕ್ವಾರ್ಟ್ಜೈಟಿನಲ್ಲಿ ಅಲೆ ಸೆಕೆಂಡಿಗೆ ಐದೂವರೆ ಕಿಲೊಮೀಟರ್ ಓಡುತ್ತದೆ ಅನ್ನಿ; ಅದರ ಕೆಳಗಿನ ಗ್ರಾನೈಟಿನಲ್ಲಿ ಆರು. ಲೆಕ್ಕ ಹಾಕಿದರೆ ಅಲೆಯ ಎತ್ತರದಲ್ಲಿ ನೂರಕ್ಕೆ ಐದು ಪಾಲು ಕೂಡ ಹಿಂದಿರುಗುವುದಿಲ್ಲ. ಶಕ್ತಿಯ ಲೆಕ್ಕದಲ್ಲಿ ಸಾವಿರಕ್ಕೆ ಎರಡು ಪಾಲು. ಉಳಿದದ್ದು ಪಾತಾಳದ ಪಾಲು. ಆ ಎರಡು ಪಾಲೂ ಬರುವ ಹಾದಿಯಲ್ಲಿ ಇನ್ನಷ್ಟು ಸವೆಯುತ್ತದೆ. ಮೂರು ಕಿಲೊಮೀಟರ್ ಆಳದಿಂದ ಹೋಗಿಬರಲು ಅದಕ್ಕೆ ಬೇಕಾದದ್ದು ಸುಮಾರು 1.1 ಸೆಕೆಂಡು. ಇಷ್ಟು ಹೊತ್ತಿನಲ್ಲಿ ಮೇಲೆ ಒಂದು ಎಮ್ಮೆ ಕಾಲೆತ್ತಿ ಇಟ್ಟರೂ ಸಾಕು, ಜಿಯೋಫೋನಿಗೆ ಕೇಳುವುದು ಎಮ್ಮೆಯೇ ಹೊರತು ಪಾತಾಳವಲ್ಲ.

ಹಾಗಾದರೆ ಕೇಳಿಸಿಕೊಳ್ಳುವುದು ಹೇಗೆ? ಭಾರತ ಹುಣ್ಣಿಮೆಯ ಎಲ್ಲಮ್ಮನ ಜಾತ್ರೆಗೆ ಬಂದವರಿಗೆ ಇದು ಹೇಳದೆಯೇ ಗೊತ್ತು. ಒಬ್ಬಳು ಮುದುಕಿ ಚಕ್ಕಡಿಯಲ್ಲಿ ಕೂತು “ಉಧೋ” ಅಂದರೆ ಪಕ್ಕದ ಚಕ್ಕಡಿಗೂ ಕೇಳುವುದಿಲ್ಲ. ಸಾವಿರ ಜನ ಒಂದೇ ಗಳಿಗೆಗೆ “ಉಧೋ ಉಧೋ” ಅಂದರೆ ಗುಡ್ಡದಾಚೆಗೂ ಮುಟ್ಟುತ್ತದೆ. ಅದೇ ಸಾವಿರ ಜನ ತಮ್ಮತಮ್ಮ ಮಾತನ್ನು ಆಡಿಕೊಂಡಿದ್ದರೆ ಬರೇ ಗಲಾಟೆ. ಸಮೀಕ್ಷೆಯವರೂ ಹೀಗೇ ಮಾಡುತ್ತಾರೆ. ನೆಲದೊಳಗಿನ ಒಂದೇ ಬಿಂದುವಿನಿಂದ, ಬೇರೆಬೇರೆ ದೂರದಲ್ಲಿಟ್ಟ ಮದ್ದು ಮತ್ತು ಜಿಯೋಫೋನ್ ಜೋಡಿಗಳಿಗೆ ಬಂದ ಉತ್ತರಗಳನ್ನು ಆರಿಸುತ್ತಾರೆ, ದೂರ ಹೆಚ್ಚಿದಂತೆ ತಡವಾಗಿ ಬಂದದ್ದನ್ನು ಲೆಕ್ಕದಿಂದ ಹಿಂದಕ್ಕೆ ಸರಿಸಿ ಎಲ್ಲವನ್ನೂ ಒಂದೇ ಗಳಿಗೆಗೆ ತರುತ್ತಾರೆ, ಆಮೇಲೆ ಕೂಡಿಸುತ್ತಾರೆ. ನಿಜವಾದ ಮಾರ್ದನಿ ಕೂಡುತ್ತ ಹೋಗುತ್ತದೆ, ಎಮ್ಮೆ, ಗಾಳಿ, ಟ್ರ್ಯಾಕ್ಟರ್ ಎಲ್ಲ ಒಂದನ್ನೊಂದು ಹೊಡೆದು ಹಾಕಿಕೊಳ್ಳುತ್ತವೆ. ನೂರು ಸಲ ಕೂಡಿಸಿದರೆ ಗದ್ದಲಕ್ಕೆ ಹೋಲಿಸಿ ದನಿ ಹತ್ತು ಪಟ್ಟು ಏರುತ್ತದೆ. ಈ ಉಪಾಯ ಹೊಳೆದದ್ದು ಅಮೆರಿಕದ ಹ್ಯಾರಿ ಮೇನ್ ಎಂಬುವರಿಗೆ, 1950ರ ಸುಮಾರಿಗೆ. ನಮ್ಮ ಜೋಗತಿಯರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು.

ಎರಿ ಮಣ್ಣು ಇನ್ನೊಂದು ಕಾಟ. ಈ ವಿದ್ಯೆಯ ಜಾಣತನವೆಲ್ಲ ಮೇಲಿನ ಹತ್ತು ಮೀಟರಿನಲ್ಲೇ ಪರೀಕ್ಷೆಗೆ ಬೀಳುತ್ತದೆ. ಸಡಿಲ ಮಣ್ಣಿನಲ್ಲಿ ಅಲೆ ಸೆಕೆಂಡಿಗೆ 500 ಮೀಟರ್ ಮಾತ್ರ ಹೋಗುತ್ತದೆ. ಹತ್ತು ಮೀಟರ್ ಎರಿಯಲ್ಲಿ ಇಳಿಯಲು ಒಂದು ಸಲ, ಏರಲು ಒಂದು ಸಲ, ಒಟ್ಟು 0.04 ಸೆಕೆಂಡು ಹೋಯಿತು. ಇಷ್ಟೇ ಹೊತ್ತಿನಲ್ಲಿ ಕ್ವಾರ್ಟ್ಜೈಟಿನೊಳಗಿನ ಅಲೆ 110 ಮೀಟರ್ ಆಳಕ್ಕೆ ಹೋಗಿಬರುತ್ತದೆ. ಅಂದರೆ ಒಂದು ಹೊಲದ ಮಣ್ಣಿನ ಆಳವನ್ನು ಸರಿಯಾಗಿ ಹಿಡಿಯದೆ ಹೋದರೆ, ಚಿತ್ರದಲ್ಲಿ ಕೆಳಗೊಂದು ನೂರು ಮೀಟರಿನ ತಗ್ಗು ಹುಟ್ಟಿಕೊಳ್ಳುತ್ತದೆ. ಇಲ್ಲದ ತಗ್ಗಿಗೆ ಬೋರು ಹಾಕಿಸಿ ಕೋಟಿ ಕಳೆದುಕೊಳ್ಳಬಹುದು. ಮಸಾರಿ, ಎರಿ, ಮತ್ತೆ ಮಸಾರಿ ಎಂದು ಒಂದೇ ಮೈಲಿಯಲ್ಲಿ ಬಣ್ಣ ಬದಲಿಸುವ ನಮ್ಮ ಕಡೆಯ ನೆಲದಲ್ಲಿ ಈ ಲೆಕ್ಕ ಸುಮ್ಮನೆ ಕೂತು ಆಗುವಂಥದ್ದಲ್ಲ. ಪ್ರತಿ ಹೊಲಕ್ಕೂ ಹೋಗಬೇಕು, ಪ್ರತಿ ಹೊಲದವನ ಹತ್ತಿರವೂ ಮಾತಾಡಬೇಕು. ಶೇಂಗಾ ಬಿತ್ತಿದ ಹೊಲದಲ್ಲಿ ಮೊಳೆ ನೆಡಲು ಯಾವ ಗೌಡ್ರು ಬಿಡುತ್ತಾರೆ?

ಈ ವಿದ್ಯೆಗೆ ಇನ್ನೂ ಬಹಳ ವಯಸ್ಸಾಗಿಲ್ಲ. ಜೆ. ಸಿ. ಕಾರ್ಚರ್ ಎಂಬ ಭೌತವಿಜ್ಞಾನಿ ಅಮೆರಿಕದ ಓಕ್ಲಹೋಮಾದಲ್ಲಿ 1921ರಲ್ಲಿ ಮೊದಲ ಸಲ ನೆಲದೊಳಗಿನ ಪದರದ ಮಾರ್ದನಿಯನ್ನು ಕಾಗದದ ಮೇಲೆ ಇಳಿಸಿದ. ತೈಲದ ದರ ಬಿದ್ದಿದ್ದರಿಂದ ಆಗ ಯಾರೂ ಅವನತ್ತ ತಿರುಗಿ ನೋಡಲಿಲ್ಲ. ಹತ್ತು ವರ್ಷ ಕಳೆಯುವ ಮೊದಲೇ ತೈಲ ಕಂಪನಿಗಳು ಸಾಲುಗಟ್ಟಿ ನಿಂತವು. ನಮ್ಮ ಬಾಂಬೆ ಹೈ ಕೂಡ ಇದೇ ವಿದ್ಯೆಯ ಕೂಸು. ಸೋವಿಯತ್ ಹಡಗೊಂದು 1960ರ ದಶಕದಲ್ಲಿ ಕಡಲಿನ ಕೆಳಗಿನ ಉಬ್ಬನ್ನು ಕೇಳಿಸಿಕೊಂಡಿತು, 1974ರಲ್ಲಿ ಸಾಗರ ಸಾಮ್ರಾಟ ಅದನ್ನು ಕೊರೆದು ತೈಲ ತೆಗೆಯಿತು.

ಆದರೆ ನನಗೆ ಹೆಚ್ಚು ಹಿಡಿಸಿದ್ದು ತೈಲದ ಆಸೆಯೇ ಇಲ್ಲದ ಒಂದು ಸಮೀಕ್ಷೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು 1972ರಿಂದ 1975ರವರೆಗೆ, ಸೋವಿಯತ್ ತಜ್ಞರ ಜೊತೆ, ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ ಸುಮಾರು 600 ಕಿಲೊಮೀಟರ್ ಉದ್ದಕ್ಕೂ ನೆಲವನ್ನು ಅಲುಗಿಸುತ್ತ ಬಂದರು. ಭಾರತದಲ್ಲಿ ಅಷ್ಟು ಆಳಕ್ಕೆ ಕಿವಿಗೊಟ್ಟದ್ದು ಅದೇ ಮೊದಲು. ಭೂಮಿಯ ತೊಗಟೆ ಎಲ್ಲಿ ಮುಗಿಯುತ್ತದೆ ಎಂದು ತಿಳಿಯಬೇಕಿತ್ತು. 40 ಕಿಲೊಮೀಟರ್ ಆಸುಪಾಸಿನಲ್ಲಿ ಎಂದು ತಿಳಿಯಿತು. ಬಂಗಾಳ ಕೊಲ್ಲಿಯ ದಂಡೆಯಲ್ಲಿ ಶುರು ಮಾಡಿ ಉಡುಪಿಯಲ್ಲಿ ಮುಗಿಸಿದರಲ್ಲ, ಊಟ ಎಲ್ಲಿ ಚೆನ್ನಾಗಿರುತ್ತದೆ ಎಂಬುದು ವಿಜ್ಞಾನಿಗಳಿಗೂ ಗೊತ್ತಿತ್ತು. ಅದೇ ಸಂಸ್ಥೆಯವರು ಮುಂದೆ ಆಂಧ್ರದ ಪೇರೂರಿನಿಂದ ಚಿಕ್ಕಮಗಳೂರಿನವರೆಗೆ 200 ಕಿಲೊಮೀಟರ್ ಪ್ರತಿಫಲನ ಸಮೀಕ್ಷೆಯನ್ನೇ ಮಾಡಿದರು. ಫಲಿತಾಂಶ 2018ರಲ್ಲಿ ಹೊರಬಂತು. ತೊಗಟೆಯ ಆಳದಲ್ಲಿ ಓರೆಯಾಗಿ ಇಳಿಯುವ ಗೆರೆಗಳು ಕಂಡವು. ಸುಮಾರು 250 ಕೋಟಿ ವರ್ಷಕ್ಕೂ ಹಿಂದೆ ನೆಲದ ಒಂದು ತುಂಡು ಇನ್ನೊಂದರ ಅಡಿಗೆ ಜಾರಿಕೊಂಡು ಹೋದ ಗುರುತು ಅದು ಎಂದು ಅವರ ಅಭಿಪ್ರಾಯ. ಮೇಲೆ ಕಾಫಿ ತೋಟ, ತೆಂಗಿನ ತೋಟ. ಕೆಳಗೆ ಇಂಥ ಹಳೆಯ ಜಗಳ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕೇಳಿಸಿದ್ದಕ್ಕೂ ಅದರ ಅರ್ಥಕ್ಕೂ ನಡುವೆ ಒಬ್ಬ ಮನುಷ್ಯ ಕೂತಿರುತ್ತಾನೆ. ಬಸಾಲ್ಟಿನ ನಾಡಿನಲ್ಲಂತೂ ಅವನ ಪಾಡು ಯಾರಿಗೂ ಬೇಡ. ಲಾವಾ ಒಂದೇ ಸಲ ಹರಿದದ್ದಲ್ಲ, ಹರಿವಿನ ಮೇಲೆ ಹರಿವು. ಪ್ರತಿ ಹರಿವಿನ ಮೇಲ್ಮೈಯೂ ಅಲೆಯನ್ನು ಚದುರಿಸುತ್ತದೆ. ಕೆಲವು ಅಲೆಗಳು ಒಳಗೇ ಎರಡೆರಡು ಸಲ ಪುಟಿದು ತಡವಾಗಿ ಬಂದು, ನಾವು ಆಳದಿಂದ ಬಂದವರು ಎಂದು ಸುಳ್ಳು ಹೇಳುತ್ತವೆ. ಗಟ್ಟಿ ಬಸಾಲ್ಟಿನ ಕೆಳಗೆ ಮೆತ್ತನೆಯ ಪದರವಿದ್ದರೆ, ಮಾರ್ದನಿಯ ಬದಲು ಪದರದ ಗುಂಟ ಬಾಗಿ ಓಡಿಬರುವ ಅಲೆಯನ್ನು ಕೇಳುವ ವಕ್ರೀಭವನದ ಹಳೆಯ ವಿಧಾನಕ್ಕೆ ಅದು ಕಾಣುವುದೇ ಇಲ್ಲ. ಅಟ್ಲಾಂಟಿಕ್ ಕಡಲಿನ ಫೆರೋ ದ್ವೀಪಗಳ ಸುತ್ತ ತೈಲ ಹುಡುಕಿದವರೂ ಇದೇ ಬಸಾಲ್ಟಿಗೆ ತಲೆ ಚಚ್ಚಿಕೊಂಡಿದ್ದಾರೆ.

ಕೊಯ್ನಾದ ಸಂಗತಿ ನೋಡಿ. 1967ರ ಡಿಸೆಂಬರ್ 11ರ ಭೂಕಂಪದ ಮೇಲೆ ಆ ಪ್ರದೇಶವನ್ನು ಎಲ್ಲ ಬಗೆಯಲ್ಲೂ ಪರೀಕ್ಷಿಸಿದರು. ಕಲಾದಗಿಯ ಕಲ್ಲು ಗೋಕಾಕದ ಆಚೆ ಬಸಾಲ್ಟಿನ ಅಡಿ ಸೇರುತ್ತದೆ. ಮತ್ತೆ ಘಟ್ಟದ ಕೆಳಗೆ ಸಿಂಧುದುರ್ಗ ಜಿಲ್ಲೆಯಲ್ಲಿ ಅಲ್ಲಲ್ಲಿ ಮೇಲೆ ಮುಖ ತೋರಿಸುತ್ತದೆ. ಹಾಗಿದ್ದ ಮೇಲೆ ಕೊಯ್ನಾದ ಅಡಿಯಲ್ಲೂ ಇರಬಹುದಲ್ಲ? ಈಚೆಗೆ ಅಲ್ಲಿ ಕಿಲೊಮೀಟರಿಗೂ ಆಳದ ಬೋರುಗಳನ್ನು ಕೊರೆದಾಗ ಬಸಾಲ್ಟ್ ಮುಗಿದ ಕೂಡಲೇ ನೇರವಾಗಿ ಗ್ರಾನೈಟ್ ಸಿಕ್ಕಿತು. ನಡುವೆ ಕಲಾದಗಿ ಇಲ್ಲವೇ ಇಲ್ಲ. ಅಂದರೆ ಉಗರಗೋಳದ ಮೇಲೆ ಎದೆಯುಬ್ಬಿಸಿ ನಿಂತ ಈ ಕಲ್ಲು ಬೆಳಗಾವಿಗೂ ಕೊಯ್ನಾಕ್ಕೂ ನಡುವೆ ಎಲ್ಲೋ ಕತ್ತಲಲ್ಲಿ ಮುಗಿದಿದೆ. ಆ ಕೊನೆಯ ಗೆರೆಯನ್ನು ನೋಡುವ ಆಸೆ ನನಗೆ ಎಲ್ಲಮ್ಮನ ಗುಡ್ಡದಲ್ಲಿ ನಿಂತಾಗಲೆಲ್ಲ ಆಗುತ್ತದೆ. ಇದಕ್ಕೆ ಸರಕಾರ ದುಡ್ಡು ಕೊಡಲಿಕ್ಕಿಲ್ಲ. ಆಸೆಗೆ ಬಜೆಟ್ಟಿನಲ್ಲಿ ಕಲಮು ಇಲ್ಲ.

ತೈಲದ ಹೆಸರಿನಲ್ಲಾದರೆ ಕಲಮು ಇದೆ. ದೇಶದಲ್ಲಿ ತೈಲ ಸಿಗಬಹುದಾದ 26 ಸಂಚಯ ಜಲಾನಯನಗಳ ಪಟ್ಟಿಯಲ್ಲಿ ಭೀಮಾ-ಕಲಾದಗಿಯೂ ಒಂದು. ಮೂರು ದರ್ಜೆಗಳಲ್ಲಿ ನಮ್ಮದು ಮೂರನೆಯ ದರ್ಜೆ, ಶಾಲೆಯಲ್ಲಿ ನಾವೆಲ್ಲ ಪಾಸಾದ ದರ್ಜೆಯೇ. ಸರಿಯಾಗಿ ನೋಡದೆ ಬಿಟ್ಟ ಜಲಾನಯನಗಳಲ್ಲಿ 48,243 ಕಿಲೊಮೀಟರ್ ಉದ್ದದ ಸಮೀಕ್ಷೆ ನಡೆಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರಕಾರ 2016ರಲ್ಲಿ ಶುರು ಮಾಡಿತು. ಇಷ್ಟು ಹಳೆಯ ಕಲ್ಲಿನಲ್ಲಿ ಎಣ್ಣೆಯೆಲ್ಲಿ ಬಂತು ಎಂದು ನಗುವವರಿದ್ದಾರೆ. ನಗಬೇಕಾಗಿಲ್ಲ. ಸೈಬೀರಿಯದಲ್ಲಿ 100 ಕೋಟಿ ವರ್ಷದ ಆಸುಪಾಸಿನ ಶಿಲೆಗಳಲ್ಲಿ ತೈಲವಿದೆ, ಆಸ್ಟ್ರೇಲಿಯದ ಮಕಾರ್ಥರ್ ಪ್ರದೇಶದಲ್ಲಿ ಇನ್ನೂ ಹಳೆಯದರಲ್ಲಿ. ನಮ್ಮ ಕಲಾದಗಿಯ ಸುಣ್ಣಕಲ್ಲುಗಳಲ್ಲೂ ಪಾಚಿಯಂಥ ಸೂಕ್ಷ್ಮಜೀವಿಗಳು ಕಟ್ಟಿದ ಗುಮ್ಮಟಗಳ ಗುರುತು ಇದೆ, ಅಂದರೆ ಜೀವ ಇತ್ತು. ಇದ್ದ ಜೀವವೆಲ್ಲ ಎಣ್ಣೆಯಾಗುತ್ತದೆ ಎಂದಲ್ಲ. ಆದರೆ ಒಂದು ವೇಳೆ ಆಗಿದ್ದರೂ ಎಣ್ಣೆಗಾಗಿ ಈ ಗುಡ್ಡದ ಸುತ್ತ ಗೋಪುರ ನೆಡುವುದು ನನಗೆ ಬೇಡ. ಎಣ್ಣೆಹೊಂಡ ಎಂಬ ಹೆಸರಿನ ಒಂದು ತೀರ್ಥ ಗುಡಿಯ ಹತ್ತಿರವೇ ಇದೆ, ಅಷ್ಟು ಸಾಕು.

ಇಷ್ಟೆಲ್ಲ ಹೇಳಿ ಮುಗಿಸಿದಾಗ ಕಾಕಾ ಕೇಳಿದ್ದು ಒಂದೇ ಮಾತು: “ನಮ್ಮ ಹೊಲದಾಗ ಬೋರಿಗೆ ನೀರ ಎಲ್ಲಿ ಐತಿ ಅನ್ನೂದು ಹೇಳತೈತೇನ್ರಿ ಇದು?”

ಹೇಳುವುದಿಲ್ಲ, ಅಥವಾ ಅದಕ್ಕಾಗಿ ಇದನ್ನು ತರುವುದು ದುಬಾರಿ. ಈ ವಿದ್ಯೆಗೆ ಸಿಕ್ಕುವ ಅಲೆಯ ಉದ್ದ ನೂರು ಮೀಟರ್ ಸುತ್ತಮುತ್ತ. ಅದರ ಕಾಲು ಭಾಗಕ್ಕಿಂತ ತೆಳುವಾದದ್ದು, ಅಂದರೆ 25 ಮೀಟರಿಗಿಂತ ಕಡಿಮೆಯದು, ಬೇರೆಯಾಗಿ ಕಾಣುವುದಿಲ್ಲ. ನಮ್ಮ ಗಟ್ಟಿಕಲ್ಲಿನಲ್ಲಿ ನೀರು ಇರುವುದು ಗೇಣಗಲದ ಬಿರುಕುಗಳಲ್ಲಿ. ಅದಕ್ಕೆ ನೆಲದೊಳಗೆ ವಿದ್ಯುತ್ ಹರಿಸಿ ಅಳೆಯುವವರನ್ನು ಕರೆಸುವುದು ಮೇಲು. ಬೇವಿನ ಕಡ್ಡಿ, ತೆಂಗಿನಕಾಯಿ ಹಿಡಿದು ಬರುವವರೂ ಇದ್ದಾರೆ; ಅವರ ಯಶಸ್ಸನ್ನು ಊರು ನೆನಪಿಡುತ್ತದೆ, ಸೋಲನ್ನು ಹೊಲದವನೊಬ್ಬನೇ ನೆನಪಿಡುತ್ತಾನೆ. ಇದನ್ನು ಹೇಳಿದಾಗ ಕಾಕಾನ ಮುಖದಲ್ಲಿ ವಿಜ್ಞಾನದ ಬಗ್ಗೆ ಇದ್ದ ಗೌರವ ಸ್ವಲ್ಪ ಇಳಿಯಿತು.

ಏರಿಸಲು ಒಂದು ಪ್ರಯತ್ನ ಮಾಡಿದೆ. ಈಗೀಗ ಮದ್ದೂ ಬೇಡ, ಲಾರಿಯೂ ಬೇಡ ಎನ್ನುವ ವಿಧಾನ ಬಂದಿದೆ. ಮಳೆಗಾಲದ ಅರಬ್ಬಿ ಸಮುದ್ರದ ಅಲೆಗಳ ಹೊಡೆತಕ್ಕೆ ಉಗರಗೋಳದ ನೆಲವೂ ನಾಲ್ಕೈದು ಸೆಕೆಂಡಿಗೊಮ್ಮೆ ತೂಗುತ್ತಿರುತ್ತದೆ, ನಮಗೆ ತಿಳಿಯುವುದಿಲ್ಲ ಅಷ್ಟೇ. ಎರಡು ಕಡೆ ಯಂತ್ರ ಇಟ್ಟು ತಿಂಗಳುಗಟ್ಟಲೆ ಬರೇ ಗದ್ದಲ ಬರೆದುಕೊಂಡು, ಎರಡರಲ್ಲೂ ಇರುವ ಒಂದೇ ಗದ್ದಲವನ್ನು ಹೊಂದಿಸಿದರೆ, ನಡುವಿನ ನೆಲದಲ್ಲಿ ಅಲೆ ಎಷ್ಟು ಬೇಗ ಓಡಿತು ಎಂದು ಗೊತ್ತಾಗುತ್ತದೆ. ಕಡಲಿನ ನಿಧಾನದ ಅಲೆ ಬಹಳ ಆಳದ ಸುದ್ದಿ ತರುತ್ತದೆ. ವಾಹನ, ಜನರ ತುಳಿತ ಮೇಲಿನ ಹತ್ತಿಪ್ಪತ್ತು ಮೀಟರಿನದು, ಹೆಚ್ಚೆಂದರೆ ನೂರಿನದು. ಹಳೆಯ ಸಮೀಕ್ಷೆಯವರು ಜಾತ್ರೆ ಕಂಡರೆ ಓಡಿಹೋಗಬೇಕು. ಇವರಿಗೆ ಜಾತ್ರೆಯೇ ಮದ್ದಿನ ಕುಣಿ. ಲಕ್ಷಗಟ್ಟಲೆ ಕಾಲು, ಸಾವಿರಾರು ಚಕ್ಕಡಿ, ಟ್ರ್ಯಾಕ್ಟರ್, ಟೆಂಪೋ, ಒಂದು ಪೈಸೆ ಖರ್ಚಿಲ್ಲ. ಎಲ್ಲಮ್ಮನ ಗುಡ್ಡದ ಮೇಲಿನ ಮಣ್ಣು ಎಲ್ಲಿ ತೆಳು, ಎಲ್ಲಿ ದಪ್ಪ, ಕಲ್ಲು ಎಲ್ಲಿ ಬಿರಿದಿದೆ ಎಂಬುದನ್ನು ಹುಣ್ಣಿಮೆಯ ಗದ್ದಲದಿಂದಲೇ ಅಂದಾಜು ಮಾಡಬಹುದು.

ಕಾಕಾ ಬಶಿ ತೊಳೆಯುತ್ತ ಯೋಚಿಸಿದರು. “ಹಂಗಾದ್ರ ಭಾರತ ಹುಣ್ಣಿಮಿಗೇ ಕರಕೊಂಡ್ ಬರ್ರಿ ನಿಮ್ಮ ಮಂದೀನ” ಅಂದರು. “ಆದ್ರ ರೂಮ್ ಮಾತ್ರ ಈಗ ಹಿಡದ ಇಡ್ರಿ. ಆಮ್ಯಾಲ ನೆಲ ಏನರ ಹೇಳೀತು, ಲಾಡ್ಜಿನ್ಯಾಂವ ಇಲ್ಲ ಅಂತಾನ.”